ನಿಂತು ಹಾಳಾದ ಸೈಕಲ್ ಹುಡುಕಿದೆ: ಕಡಿಮೆ ದುಡ್ಡಿನಲ್ಲಿ ದಿನದ ಓಡಾಟಕ್ಕೆ

ಸೈಕಲ್ ನೋಡಲು ಹೊರಡುವ ಮೊದಲೇ ಕೈಯಲ್ಲಿದ್ದ ದುಡ್ಡನ್ನು ಬೇರೆ ಬೇರೆ ಮಾಡಿಟ್ಟೆ. ಮೂರರಲ್ಲಿ ಎರಡು ಪಾಲು ಸೈಕಲ್ಲಿಗೆ, ಒಂದು ಪಾಲು ಅದನ್ನು ದಿನದ ಓಡಾಟಕ್ಕೆ ಸಜ್ಜು ಮಾಡಲು. ಬಳಸಿದ ಸೈಕಲ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಟಯರು, ಬ್ರೇಕ್ ರಬ್ಬರು, ಕೇಬಲ್ಲು ಅಂತ ಏನಾದರೊಂದು ಕೇಳಿಯೇ ಕೇಳುತ್ತದೆ. ಬೀಗ, ದೀಪ ಬೇರೆ. ಇದ್ದದ್ದೆಲ್ಲ ಮಾರುವವರ ಕೈಗೆ ಹೋದರೆ ಸೈಕಲ್ ಮನೆಗೆ ಬಂದು ಗೋಡೆಗೊರಗಿ ಕೂರುತ್ತದೆ. ಅವರು ಹೇಳುವ ಬೆಲೆಗೆ ರಿಪೇರಿ ಖರ್ಚು ಕೂಡಿಸಿದಾಗ ಬರುವ ಮೊತ್ತವನ್ನೇ ನಾನು ಸೈಕಲ್ಲಿನ ಬೆಲೆ ಎಂದು ಹಿಡಿದೆ.

ನನ್ನ ದಾರಿ ಪೂರ್ತಿ ಡಾಂಬರು, ನಡುವೆ ಒಂದು ಏರು. ಚೀಲ ಬೆನ್ನ ಮೇಲೆ ಬೇಡ, ಕ್ಯಾರಿಯರ್ ಮೇಲೆ ಇರಬೇಕು. ಮಳೆಯಲ್ಲೂ ಹೋಗಬೇಕು. ಈ ನಾಲ್ಕು ಮಾತು ಗಟ್ಟಿಯಾದ ಮೇಲೆ ಅರ್ಧಕ್ಕರ್ಧ ಸೈಕಲ್‌ಗಳು ತಾವಾಗಿಯೇ ಪಟ್ಟಿಯಿಂದ ಬಿದ್ದವು. ಮುಂದೆ ಶಾಕ್ ಅಬ್ಸಾರ್ಬರ್ ಇರುವ ದಪ್ಪ ಟಯರಿನ ಸೈಕಲ್‌ಗಳನ್ನು ನಾನು ನೋಡಲೂ ಹೋಗಲಿಲ್ಲ. ಫೋರ್ಕು ಅಂದರೆ ಮುಂಚಕ್ರವನ್ನು ಹಿಡಿದಿರುವ ಕವಲು; ಅಗ್ಗದ ಶಾಕ್ ಫೋರ್ಕಿನಲ್ಲಿ ಇರುವುದು ಬರಿಯ ಸ್ಪ್ರಿಂಗು. ಹಳತಾದರೆ ಅದು ತುಕ್ಕು ಹಿಡಿದು ಅಲ್ಲಾಡುವುದನ್ನೇ ನಿಲ್ಲಿಸುತ್ತದೆ, ಆದರೆ ಅದರ ಭಾರವನ್ನು ಮಾತ್ರ ಏರಿನಲ್ಲಿ ದಿನಾ ತುಳಿಯಬೇಕು. ಗಟ್ಟಿ ಫೋರ್ಕು, ಹಿಂದೆ ಆರೋ ಏಳೋ ಗೇರು, ಫೋರ್ಕಿನ ತುದಿಯಲ್ಲೂ ಹಿಂಚಕ್ರದ ಬಳಿಯೂ ಮಡ್‌ಗಾರ್ಡನ್ನೂ ಕ್ಯಾರಿಯರನ್ನೂ ಬಿಗಿಯಲು ತೂತು, ಇಷ್ಟಿದ್ದರೆ ನನಗೆ ಸಾಕಿತ್ತು. ಆ ತೂತುಗಳನ್ನು ಯಾರೂ ಗಮನಿಸುವುದಿಲ್ಲ. ಅವಿಲ್ಲದ ಫ್ರೇಮಿಗೆ ಕ್ಯಾರಿಯರ್ ಕೂರಿಸುವುದು ಎಷ್ಟು ತಾಪತ್ರಯ ಎನ್ನುವುದು ಕೊಂಡ ಮೇಲೆ ಗೊತ್ತಾಗುತ್ತದೆ.

ನೋಡುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಸೈಕಲ್ ಹಾಳಾಗುವುದು ಮೂರು ಬಗೆಯಲ್ಲಿ: ನಿಂತು, ಓಡಿ, ಗುದ್ದಿಸಿಕೊಂಡು. ನಿಂತು ಹಾಳಾದದ್ದು ನೋಡಲು ಅತ್ಯಂತ ಕೆಟ್ಟದಾಗಿರುತ್ತದೆ. ಮೈತುಂಬ ಧೂಳು, ಗಾಳಿಯಿಲ್ಲದ ಟಯರು, ಕೆಂಪಗಾದ ಚೈನು. ಕೊಳ್ಳಲು ಬಂದವರು ದೂರದಿಂದಲೇ ತಿರುಗಿ ಹೋಗುತ್ತಾರೆ, ಬೆಲೆ ಇಳಿಯುತ್ತದೆ. ರಿಪೇರಿ ಅತ್ಯಂತ ಅಗ್ಗವಾಗುವುದೂ ಅದರದ್ದೇ. ಓಡಿ ಸವೆದದ್ದು ತೊಳೆದು ಒರೆಸಿದರೆ ಥಳಥಳಿಸುತ್ತದೆ, ಆದರೆ ಚೈನು, ಫ್ರೀವೀಲ್ (ಹಿಂಚಕ್ರದ ಹಲ್ಲುಚಕ್ರ), ರಿಮ್ಮು ಎಲ್ಲ ಒಟ್ಟಿಗೆ ಮುಗಿದಿರುತ್ತವೆ. ಗುದ್ದಿಸಿಕೊಂಡದ್ದನ್ನು ಪುಕ್ಕಟೆ ಕೊಟ್ಟರೂ ತರಬಾರದು. ಎದುರಿಗಿರುವುದು ಈ ಮೂರರಲ್ಲಿ ಯಾವುದು ಎಂದು ತಿಳಿಯಲು ನಾನು ಕಲಿತುಕೊಂಡದ್ದನ್ನು ಬರೆಯುತ್ತೇನೆ.

ಮೊದಲು ಅಳತೆ. ಎರಡು ಕಾಲೂ ನೆಲಕ್ಕೆ ಊರಿ, ಸೀಟಿನಿಂದ ಹ್ಯಾಂಡಲ್ಲಿನ ಕಡೆಗೆ ಹೋಗುವ ಮೇಲಿನ ಕೊಳವೆಯ ಎರಡು ಬದಿಗೆ ನಿಂತಾಗ ಅದು ಮೈಗೆ ತಾಗಬಾರದು. ಆಮೇಲೆ ಪೆಡಲ್ಲನ್ನು ಪೂರ್ತಿ ಕೆಳಗಿಳಿಸಿ ಅದರ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗುವಷ್ಟು ಎತ್ತರಕ್ಕೆ ಸೀಟು ಬರಬೇಕು, ಬಂದಾಗಲೂ ಸೀಟಿನ ಕಂಬದ ಮೇಲೆ ಕೊರೆದಿರುವ ಮಿತಿಯ ಗೆರೆ ಒಳಗೇ ಇರಬೇಕು. ಸೀಟನ್ನು ಏರಿಸಿ ಇಳಿಸಿ ನೋಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಕೂತ ಅಲ್ಯುಮಿನಿಯಂ ಕಂಬ ಸ್ಟೀಲ್ ಫ್ರೇಮಿನೊಳಗೆ ಬೆಸೆದ ಹಾಗೆ ಹಿಡಿದುಬಿಡುತ್ತದೆ. ಅಂಥದ್ದನ್ನು ಬಿಡಿಸಲು ಒಂದು ದಿನವಿಡೀ ಹೋಗಬಹುದು, ಕಂಬ ಮುರಿಯಲೂಬಹುದು. ಮಾರುವವರ ಮುಂದೆಯೇ ನಟ್ಟು ಸಡಿಲಿಸಿ ಕಂಬವನ್ನು ತಿರುಗಿಸಿ ನೋಡುತ್ತಿದ್ದೆ. ತಿರುಗಲಿಲ್ಲವೆಂದರೆ ಮುಂದಿನ ಮಾತಿಲ್ಲ.

ಇನ್ನು ಫ್ರೇಮು. ಹೆಚ್ಚು ಹೊತ್ತು ಕಳೆದದ್ದು ಇಲ್ಲೇ, ಏಕೆಂದರೆ ಇದೊಂದನ್ನು ಬದಲಾಯಿಸಿದರೆ ಅದು ಬೇರೆ ಸೈಕಲ್ಲೇ ಆಗುತ್ತದೆ. ಎದುರಿಗೆ ಜೋರಾಗಿ ಗುದ್ದಿದ ಸೈಕಲ್ಲಿನ ಗುರುತು ಸಾಮಾನ್ಯವಾಗಿ ಹ್ಯಾಂಡಲ್ಲಿನ ಕೆಳಗೆ, ಮುಂದಿನ ಕೊಳವೆಗೆ ಮೇಲಿನದ್ದೂ ಕೆಳಗಿನದ್ದೂ ಸೇರುವ ಮೂಲೆಯ ಸ್ವಲ್ಪ ಹಿಂದೆ ಇರುತ್ತದೆ. ಬಣ್ಣ ಸುಕ್ಕುಗಟ್ಟಿರುತ್ತದೆ, ಅಥವಾ ಅಡಿಯಲ್ಲಿ ಬೆರಳು ಆಡಿಸಿದರೆ ಸಣ್ಣ ಉಬ್ಬು ತಾಗುತ್ತದೆ. ಕಣ್ಣಿಗಿಂತ ಬೆರಳನ್ನು ನಂಬಿ. ಆ ಜಾಗದಲ್ಲಷ್ಟೇ ಹೊಸ ಬಣ್ಣ, ಅಥವಾ ದೊಡ್ಡ ಸ್ಟಿಕ್ಕರ್ ಕಂಡರೆ ಇನ್ನಷ್ಟು ಹುಷಾರು. ಆಮೇಲೆ ಪಕ್ಕಕ್ಕೆ ನಿಂತು ಫೋರ್ಕನ್ನು ನೋಡಿ. ಬಾಗಿದ ಫೋರ್ಕಾದರೆ ಅದರ ಮೇಲ್ಭಾಗ ಮುಂದಿನ ಕೊಳವೆಯ ಗೆರೆಯಲ್ಲೇ ಇಳಿದು, ಕೊನೆಗೆ ಮುಂದಕ್ಕೆ ಬಾಗಬೇಕು. ಹಿಂದಕ್ಕೆ ಸರಿದಂತೆ ಕಂಡರೆ ಅದು ಏಟು ತಿಂದಿದೆ.

ಫ್ರೇಮು ಒಂದು ಬದಿಗೆ ತಿರುಚಿಕೊಂಡಿದೆಯೇ ಎಂದು ನೋಡಲು ಒಂದು ದಾರ ಸಾಕು. ಹಿಂಚಕ್ರದ ಅಚ್ಚು ಕೂರುವ ಒಂದು ಕಡೆಯಿಂದ ದಾರ ಎಳೆದು, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಕಡೆಗೆ ತಂದು ಬಿಗಿಯಾಗಿ ಕಟ್ಟಿದೆ. ಸೀಟಿನ ಕೆಳಗಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರವನ್ನು ಸ್ಕೇಲಿನಲ್ಲಿ ಅಳೆದೆ. ಸಮ ಇದ್ದರೆ ಫ್ರೇಮು ನೇರ. ಸ್ಟೀಲ್ ಫ್ರೇಮು ಒಂದೆರಡು ಮಿಲಿಮೀಟರ್ ತಪ್ಪಿದ್ದರೆ ತಿಳಿದ ಮೆಕ್ಯಾನಿಕ್ ಬಾಗಿಸಿ ಸರಿ ಮಾಡಬಲ್ಲರು. ಅಲ್ಯುಮಿನಿಯಂ ಹಾಗೆ ಬಾಗಿಸುವ ಲೋಹವಲ್ಲ, ಅದರಲ್ಲಿ ಕೂದಲೆಳೆಯ ಬಿರುಕು ಕಂಡರೂ ಬೇಡ. ಬಿರುಕು ಹುಡುಕಬೇಕಾದ ಜಾಗಗಳು ಬೆಸುಗೆಯ ಅಂಚು, ಪೆಡಲ್ ಅಚ್ಚಿನ ಸುತ್ತ, ಸೀಟಿನ ಕಂಬ ಇಳಿಯುವ ಬಾಯಿ. ಒದ್ದೆ ಬಟ್ಟೆಯಿಂದ ಒರೆಸಿಯೇ ನೋಡಬೇಕು, ಧೂಳಿನ ಕೆಳಗೆ ಬಿರುಕು ಕಾಣುವುದಿಲ್ಲ. ಸ್ಟೀಲಿನ ಮೇಲಿನ ತೆಳು ತುಕ್ಕಿಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಳಗಿನಿಂದ ಉಬ್ಬಿ ಬಣ್ಣವನ್ನು ಎಬ್ಬಿಸಿದ ತುಕ್ಕು ಮಾತ್ರ ಕೆಟ್ಟದ್ದು.

ಹಳೆಯ ಸೈಕಲ್ ಕೊಳ್ಳುವವರಲ್ಲಿ ಬಹಳ ಮಂದಿ ಓದದೆ ಬಿಡುವುದು ಟಯರಿನ ಬದಿಯಲ್ಲಿ ಅಚ್ಚಾಗಿರುವ ಅಂಕಿ. 26 ಇಂಚು, 28 ಇಂಚು ಅನ್ನುವ ಮಾತನ್ನು ನಂಬಿ ಟಯರು ತರಲು ಹೋದರೆ ಅದು ರಿಮ್ಮಿಗೆ ಕೂರದೆ ಇರಬಹುದು. 26 x 1.75 ಎಂದು ಬರೆದ ಟಯರು ಕೂರುವುದು 559 ಮಿಲಿಮೀಟರ್ ವ್ಯಾಸದ ರಿಮ್ಮಿಗೆ, 26 x 1⅜ ಕೂರುವುದು 590ರ ರಿಮ್ಮಿಗೆ. ಎರಡನ್ನೂ ಕರೆಯುವುದು 26 ಅಂತಲೇ. 28 ಎಂದು ಕರೆಸಿಕೊಳ್ಳುವುದರಲ್ಲೂ 622 ಇದೆ, ಹಳೆಯ ದೊಡ್ಡ ಸೈಕಲ್‌ಗಳ 635 ಇದೆ. 27 ಇಂಚಿನದ್ದು 630. ಹಾಗಾಗಿ 37-622 ಎಂಬ ಬಗೆಯ ಅಂಕಿಯನ್ನೇ ಹುಡುಕುತ್ತಿದ್ದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 559 ಅಥವಾ 622 ಇದ್ದರೆ ಟಯರು, ಟ್ಯೂಬಿನ ಚಿಂತೆಯಿಲ್ಲ, ಅವು ಬಹಳ ಬಳಕೆಯಲ್ಲಿರುವ ಅಳತೆಗಳು. ಬೇರೆ ಅಂಕಿ ಇದ್ದರೆ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿಕೊಂಡು ಬಂದು ಆಮೇಲೆ ಮಾತಾಡುವುದು ಒಳ್ಳೆಯದು. ಟಯರಿನ ಬದಿ ಬಿರುಕು ಬಿಟ್ಟಿದ್ದರೆ ಅದು ಹೋಯಿತೆಂದೇ ಲೆಕ್ಕ, ಆದರೆ ಅದು ಸೈಕಲ್ ಬಿಡುವುದಕ್ಕೆ ಕಾರಣವಲ್ಲ, ಬೆಲೆ ಇಳಿಸುವುದಕ್ಕೆ ಕಾರಣ.

ಜೇಬಿನಲ್ಲಿ ಒಂದು ಅಡಿಯ ಸ್ಕೇಲ್ ಇತ್ತು. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಪಿನ್ನುಗಳು ತೂತಿನೊಳಗೆ ತಿರುಗಿ ತಿರುಗಿ ಸವೆದ ಹಾಗೆ ಒಟ್ಟು ಉದ್ದ ಹೆಚ್ಚುತ್ತದೆ. 12 ಇಂಚಿನ ಮೇಲೆ 1/16 ಇಂಚು ಹೆಚ್ಚಿದ್ದರೆ ಚೈನು ಬದಲಾಯಿಸುವ ಕಾಲ ಬಂದಿದೆ. 1/8 ಇಂಚು ಹೆಚ್ಚಿದ್ದರೆ ಅದು ಫ್ರೀವೀಲಿನ ಹಲ್ಲುಗಳನ್ನೂ ತಿಂದಿರುತ್ತದೆ, ಹೊಸ ಚೈನು ಹಾಕಿದರೆ ಏರಿನಲ್ಲಿ ಜೋರಾಗಿ ತುಳಿದಾಗ ಹಲ್ಲಿನ ಮೇಲೆ ಜಾರುತ್ತದೆ, ಎರಡನ್ನೂ ಕೊಳ್ಳಬೇಕು. ನಾನು ಕೊನೆಗೆ ತಂದ ಸೈಕಲ್ಲಿನ ಚೈನು ತುಕ್ಕಿನಿಂದ ಕೆಂಪಾಗಿತ್ತು, ಅಳೆದರೆ ಕರಾರುವಾಕ್ಕಾಗಿ 12 ಇಂಚು. ಅದು ನಿಂತ ಸೈಕಲ್, ಓಡಿದ್ದಲ್ಲ, ಎನ್ನುವುದು ನನಗೆ ಖಾತ್ರಿಯಾದದ್ದು ಅಲ್ಲಿ.

ಚಕ್ರಗಳನ್ನು ಎತ್ತಿ ತಿರುಗಿಸಿ, ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದನ್ನು ನೋಡಿದರೆ ಡೊಂಕು ತಿಳಿಯುತ್ತದೆ. ಸ್ವಲ್ಪ ಓಲಾಡಿದರೆ ಕಡ್ಡಿ ಬಿಗಿದು ಸರಿ ಮಾಡಬಹುದು. ಕಡ್ಡಿಗಳನ್ನು ವೀಣೆಯ ತಂತಿಯ ಹಾಗೆ ಒಂದೊಂದಾಗಿ ಮೀಟಿದೆ. ಒಂದು ಬದಿಯವೆಲ್ಲ ಹತ್ತಿರ ಹತ್ತಿರ ಒಂದೇ ಸ್ವರ ಕೊಡಬೇಕು, ಮಂಕಾಗಿ ನುಡಿದದ್ದು ಸಡಿಲವಾಗಿರುತ್ತದೆ. ಗೇರ್ ಸೈಕಲ್ಲಿನ ಹಿಂಚಕ್ರದಲ್ಲಿ ಚೈನಿನ ಬದಿಯ ಕಡ್ಡಿಗಳ ಮೇಲೆ ಎಳೆತ ಹೆಚ್ಚು, ಮುರಿದದ್ದಿದ್ದರೆ ಮೊದಲು ಅಲ್ಲಿ ಹುಡುಕಿ. ರಿಮ್ಮಿನ ಬದಿ ಬ್ರೇಕಿನ ಉಜ್ಜಾಟಕ್ಕೆ ಒಳಗೆ ಗುಳಿಬಿದ್ದಿದ್ದರೆ ಆ ರಿಮ್ಮು ಮುಗಿದಂತೆ, ಚಕ್ರದ ಖರ್ಚು ದೊಡ್ಡದು. ಮಳೆಯಲ್ಲಿ ಓಡಾಡುವವರು ಮಿರಿಮಿರಿ ಮಿಂಚುವ ಸ್ಟೀಲ್ ರಿಮ್ಮಿಗೆ ಮನಸೋಲಬಾರದು. ಒದ್ದೆಯಾದಾಗ ಅದರ ಮೇಲೆ ಬ್ರೇಕು ಹಿಡಿಯುವುದು ಬಹಳ ಕಡಿಮೆ, ಅಲ್ಯುಮಿನಿಯಂ ರಿಮ್ಮೇ ಬೇಕು.

ಬೇರಿಂಗುಗಳನ್ನು ಕೈಯಿಂದಲೇ ನೋಡಬಹುದು. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಜಗ್ಗಿದರೆ ಹ್ಯಾಂಡಲ್ಲಿನ ಬುಡದಲ್ಲಿ ಟಕ್ ಟಕ್ ಅನ್ನಬಾರದು. ಮುಂಭಾಗ ಎತ್ತಿ ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿದಾಗ ನಡುವೆ ಎಲ್ಲೂ ಸಿಕ್ಕಿಕೊಳ್ಳಬಾರದು. ಪೆಡಲ್ಲಿನ ಎರಡು ತೋಳನ್ನೂ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಎರಡೂ ಒಟ್ಟಿಗೆ ಅಲ್ಲಾಡಿದರೆ ಒಳಗಿನ ಬೇರಿಂಗು, ಅದು ಸಣ್ಣ ಕೆಲಸ. ಒಂದೇ ತೋಳು ಅಲ್ಲಾಡಿದರೆ ಅದು ಸಡಿಲವಾಗಿಯೇ ಓಡಿ ತೂತು ಹಿಗ್ಗಿರಬಹುದು, ಆಗ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಆ ಕೆಂಪು ಚೈನಿನ ಸೈಕಲ್ ಮಾರುತ್ತಿದ್ದವರು ವಯಸ್ಸಾದವರು. ಯಾಕೆ ಮಾರುತ್ತೀರಿ ಎಂದು ನಾನು ಕೇಳಲಿಲ್ಲ.

"ಕೊನೇ ಸಲ ಯಾವಾಗ ಓಡಿಸಿದ್ರಿ?" ಎಂದೆ.

"ಮಗ ಓಡಿಸ್ತಿದ್ದ. ಅವನು ಹೋದ ಮೇಲೆ ಮೆಟ್ಟಿಲ ಕೆಳಗೇ ನಿಂತಿದೆ ನೋಡಿ" ಅಂದರು.

ಚೈನು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ತಾಳೆಯಾಯಿತು. ಎರಡು ಟಯರು, ಟ್ಯೂಬು, ಬ್ರೇಕ್ ರಬ್ಬರು, ಕೇಬಲ್ಲು, ಎಲ್ಲವನ್ನೂ ಅವರ ಎದುರಿಗೇ ಕಾಗದದಲ್ಲಿ ಬರೆದು ಕೂಡಿಸಿ ತೋರಿಸಿದೆ. ಸೈಕಲ್ಲನ್ನು ಹೀಗಳೆಯಲಿಲ್ಲ. "ಫ್ರೇಮು ಚೆನ್ನಾಗಿದೆ, ನಾನು ದಿನಾ ಓಡಿಸುತ್ತೇನೆ. ಇಷ್ಟು ಖರ್ಚಿದೆ, ಅದನ್ನು ಬಿಟ್ಟು ಇಷ್ಟು ಕೊಡಬಲ್ಲೆ" ಎಂದೆ. ಚೌಕಾಸಿ ಅಲ್ಲಿಗೇ ಮುಗಿಯಿತು. ಲೆಕ್ಕ ಕಣ್ಣೆದುರಿಗಿದ್ದರೆ ಇಬ್ಬರಿಗೂ ಬೇಸರವಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ದುಡ್ಡು ಕೊಡುವ ಮೊದಲು ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲ್ ಅಚ್ಚಿನ ಅಡಿಯಲ್ಲಿ ಕೊರೆದಿದ್ದ ನಂಬರು ಓದಿಕೊಂಡೆ. ಹೆಚ್ಚಿನ ಸೈಕಲ್‌ಗಳಲ್ಲಿ ಅದು ಅಲ್ಲೇ ಇರುತ್ತದೆ. ಉಜ್ಜಿ ಅಳಿಸಿದ್ದರೆ ಕದ್ದ ಮಾಲಿರಬಹುದು, ಎಷ್ಟು ಅಗ್ಗವಾದರೂ ಬಿಟ್ಟುಬಿಡಬೇಕು. ನಂಬರು, ದಿನಾಂಕ, ಕೊಟ್ಟ ಮೊತ್ತ ಬರೆದು ಅವರ ಸಹಿ ಹಾಕಿಸಿಕೊಂಡೆ.

ಮನೆಗೆ ತಂದ ಮೇಲೆ ಮೊದಲು ಕೈ ಹಾಕಿದ್ದು ಬ್ರೇಕಿಗೆ. ರಬ್ಬರು, ಒಳಗಿನ ತಂತಿ, ಹೊರಗಿನ ಕವಚ ಮೂರನ್ನೂ ಬದಲಾಯಿಸಿದೆ. ತುಕ್ಕು ಹಿಡಿದ ಕವಚದೊಳಗೆ ಹೊಸ ತಂತಿ ಎಳೆದರೆ ಅರ್ಧ ಕೆಲಸ ಮಾಡಿದಂತೆ. ನಂತರ ಟಯರು. ಗುಬುಟು ಗುಬುಟಿನ ಹಳೆಯ ಟಯರಿಗೆ ಬದಲಾಗಿ ನುಣುಪಾದದ್ದು ಹಾಕಿದ್ದರಿಂದ ಡಾಂಬರಿನಲ್ಲಿ ತುಳಿಯುವುದು ಎಷ್ಟೋ ಹಗುರವಾಯಿತು. ಅಷ್ಟು ಸಣ್ಣ ಖರ್ಚಿಗೆ ಇದಕ್ಕಿಂತ ದೊಡ್ಡ ಸುಖ ಸೈಕಲ್ಲಿನಲ್ಲಿ ಇನ್ನೊಂದಿಲ್ಲ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಪ್ರತಿ ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಮೇಲಿನದ್ದನ್ನು ಒರೆಸಿ ತೆಗೆದೆ. ಸೀಟಿನ ಕಂಬಕ್ಕೂ ಪೆಡಲ್ಲಿನ ಮರೆಗೂ (ತಿರುಪಿನ ಸುತ್ತುಗೆರೆಗೆ) ಗ್ರೀಸು ಹಚ್ಚಿದೆ. ಎಡ ಪೆಡಲ್ಲಿನ ಮರೆ ಉಲ್ಟಾ ಇರುತ್ತದೆ, ಅದನ್ನು ಬಿಚ್ಚಲು ಸ್ಪ್ಯಾನರನ್ನು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ಕಡ್ಡಿ ಬಿಗಿಯುವುದನ್ನೂ ಚಕ್ರದ ನಡುವಿನ ಹಬ್ಬಿನ ಗುಂಡುಗಳಿಗೆ ಗ್ರೀಸ್ ತುಂಬುವುದನ್ನೂ ಮೆಕ್ಯಾನಿಕ್‌ಗೆ ಬಿಟ್ಟೆ. ಅವರು ಮಾಡುವಾಗ ಪಕ್ಕದಲ್ಲಿ ಕೂತು ನೋಡಿದೆ. ಮುಂದಿನ ಸಲ ಆ ಗುಂಡುಗಳನ್ನು ಒತ್ತಿ ಹಿಡಿಯುವ ಕೋನು ಬಿಗಿಯುವುದು ನನ್ನ ಕೈಯಲ್ಲೇ ಆಯಿತು.

ಎತ್ತಿಟ್ಟ ಪಾಲಿನಲ್ಲಿ ಉಳಿದದ್ದಕ್ಕೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಮಡ್‌ಗಾರ್ಡು, ಒಂದು ಗಟ್ಟಿ ಬೀಗ ಬಂತು. ಬೀಗದಲ್ಲಿ ಮಾತ್ರ ಅಗ್ಗದ್ದನ್ನು ಹುಡುಕಲಿಲ್ಲ. ತೆಳು ತಂತಿಯ ಬೀಗ ಕತ್ತರಿಸಲು ಸಣ್ಣ ಕಟ್ಟರ್ ಸಾಕು. ಫ್ರೇಮನ್ನೂ ಹಿಂಚಕ್ರವನ್ನೂ ಸೇರಿಸಿ ಕಂಬಕ್ಕೆ ಬಿಗಿಯುವಷ್ಟು ಅಗಲದ ಯು ಆಕಾರದ್ದನ್ನೇ ತೆಗೆದುಕೊಂಡೆ. ಹೊಸ ಕೇಬಲ್ಲುಗಳು ಮೊದಲ ಕೆಲವು ವಾರ ಸ್ವಲ್ಪ ಸಡಿಲವಾಗುತ್ತವೆ, ಬ್ರೇಕ್ ಹಿಡಿಯನ್ನು ಒತ್ತಿದಾಗ ಹ್ಯಾಂಡಲ್ಲಿಗೆ ಹತ್ತಿರ ಬರತೊಡಗುತ್ತದೆ. ಆಗ ಹಿಡಿಯ ಬಳಿಯ ಸಣ್ಣ ತಿರುಪನ್ನು ಕೈಯಲ್ಲೇ ಹೊರಕ್ಕೆ ತಿರುಗಿಸಿದರೆ ಮತ್ತೆ ಬಿಗಿಯಾಗುತ್ತದೆ.