ಒಡೆದ ರೇಡಿಯೇಟರ್ ಫ್ಯಾನ್ ಶ್ರೌಡ್ ಸರಿಯಾಯ್ತು

ನಮ್ಮ ಹಳೇ ಕಾರಿನ ಫ್ಯಾನ್ ಶ್ರೌಡ್‌ನಲ್ಲಿ (ರೇಡಿಯೇಟರ್ ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಚೌಕಟ್ಟು), ಮೋಟಾರ್ ಕೂರುವ ಜಾಗದ ಪಕ್ಕದಲ್ಲೇ ಬಿರುಕು. ಫ್ಯಾನ್ ಓಡಿದರೆ ಗಡಗಡ ಸದ್ದು. ಹೊಸದು ಬೇಕೆಂದರೆ ಮೋಟಾರ್ ಸಮೇತ ಇಡೀ ಸೆಟ್ ಕೊಳ್ಳಬೇಕಂತೆ!

ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು ಶ್ರೌಡ್ ಬಿಚ್ಚಿದೆ. ಎಂಜಿನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗಬಹುದು, ಹುಷಾರು. ಹಿಂಬದಿಯಲ್ಲಿ ‘ಪಿಪಿ’ ಎಂಬ ಅಚ್ಚು ಇತ್ತು, ಅಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಇದಕ್ಕೆ ಮಾಮೂಲಿ ಅಂಟು ಹಚ್ಚುವುದು ಸುಮ್ನೆ ದಂಡ, ಹಿಡಿಯುವುದೇ ಇಲ್ಲ.

ಬಿರುಕಿನ ತುದಿಯಲ್ಲಿ 3 ಮಿ.ಮೀ. ತೂತು ಕೊರೆದೆ. ಹಾಗೆ ಮಾಡಿದರೆ ಅದು ಮುಂದಕ್ಕೆ ಹರಿಯುವುದು ನಿಲ್ಲುತ್ತದೆ. ಜಿಡ್ಡು ತೊಳೆದು, ಸ್ಟೀಲ್ ಜಾಲರಿಯ ತುಂಡನ್ನು ಸೋಲ್ಡರಿಂಗ್ ಐರನ್‌ನಿಂದ ಬಿಸಿಮಾಡಿ ಪ್ಲಾಸ್ಟಿಕ್ ಒಳಗೆ ಹುದುಗಿಸಿದೆ. ಮೇಲೆ ಪಿಪಿ ಕಡ್ಡಿಯನ್ನೇ ಕರಗಿಸಿ ತುಂಬಿದೆ; ಬೇರೆ ಪ್ಲಾಸ್ಟಿಕ್ ಬೆರೆಯುವುದಿಲ್ಲ. ಹೊಗೆ ಕೆಟ್ಟದ್ದು, ಬಯಲಲ್ಲೇ ಮಾಡಿ.

ಫ್ಯಾನಿನ ಬ್ಲೇಡ್ ಒಂದು ಚೂರು ಮುರಿದಿದ್ದರೂ ಅದುರುವುದು ಜಾಸ್ತಿಯಾಗಿ ಮತ್ತೆ ಬಿರುಕು ಬರುತ್ತದೆ. ಅದನ್ನೂ ನೋಡಿಕೊಂಡೇ ಜೋಡಿಸಿದೆ. ಈಗ ಸದ್ದಿಲ್ಲ.