ಬೆಸೆದ ಬೆನ್ನು ಬಗ್ಗುವುದು ಎಲ್ಲಿಂದ?

ಕೆಳಬೆನ್ನಿನ ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಫಿಸಿಯೋಥೆರಪಿ ನೀಡುವುದು ನನ್ನ ಕೆಲಸ. ಇನ್ನು ಮುಂದೆ ಬಗ್ಗಲು ಆಗುವುದೇ ಇಲ್ಲವೇ ಎಂಬುದು ಬಹುತೇಕ ಎಲ್ಲರ ಮೊದಲ ಆತಂಕ. 58 ವರ್ಷದ ಗೃಹಿಣಿಯೊಬ್ಬರು ಅದನ್ನು ತಮ್ಮದೇ ರೀತಿಯಲ್ಲಿ ಕೇಳಿದರು: “ಬಾಗಿಲಿಗೆ ರಂಗೋಲಿ ಹಾಕಬಹುದೇನಮ್ಮ?”

ಅವರ ಸೊಂಟದ ನಾಲ್ಕನೆಯ ಕಶೇರು (ಬೆನ್ನುಮೂಳೆಯ ಒಂದು ತುಂಡು) ಐದನೆಯದರ ಮೇಲಿಂದ ಮುಂದಕ್ಕೆ ಜಾರಿ, ಕಾಲಿಗೆ ಹೋಗುವ ನರಗಳು ಒತ್ತಿಹೋಗಿದ್ದವು. ಶಸ್ತ್ರಚಿಕಿತ್ಸಕರು ಆ ಒತ್ತಡವನ್ನು ನಿವಾರಿಸಿ, ಎರಡು ಕಶೇರುಗಳನ್ನೂ ಸ್ಕ್ರೂ ಮತ್ತು ರಾಡ್‌ಗಳಿಂದ ಬಿಗಿದು, ನಡುವೆ ಮೂಳೆಯ ಚೂರುಗಳನ್ನು ತುಂಬಿದ್ದರು. ಲೋಹ ಕೇವಲ ಆಸರೆ. ಮೂಳೆಗಳು ನಿಜವಾಗಿ ಕೂಡಿಕೊಳ್ಳಲು ಆರು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಹಾಗಾಗಿ ಮೊದಲ ಮೂರು ತಿಂಗಳು ಬಗ್ಗುವುದು, ತಿರುಚುವುದು, ಭಾರ ಎತ್ತುವುದು ಯಾವುದೂ ಇರಲಿಲ್ಲ. ದಿನವೂ ನಡೆಸಿದೆ, ಭುಜ ಮತ್ತು ಸೊಂಟ ಒಟ್ಟಿಗೆ ಹೊರಳುವಂತೆ ಮಗ್ಗುಲಾಗಿ ಹಾಸಿಗೆಯಿಂದ ಏಳುವುದನ್ನು ಕಲಿಸಿದೆ.

ವೃತ್ತಿಯ ಆರಂಭದಲ್ಲಿ ನಾನು ಬೆರಳ ತುದಿ ನೆಲದಿಂದ ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನಷ್ಟೇ ಅಳೆದು ಸಂತೋಷಪಡುತ್ತಿದ್ದೆ. ಅದು ತಪ್ಪಾಗಿತ್ತು, ಏಕೆಂದರೆ ತೊಡೆಯ ಬುಡದಿಂದ ಬಾಗಿದ್ದೂ ಆ ಅಳತೆಯಲ್ಲಿ ಸೇರಿಬಿಡುತ್ತದೆ. ಈಗ ಸೊಂಟದ ಹಿಂದಿನ ಎರಡು ಗುಳಿಗಳ ಮಟ್ಟದಿಂದ 10 ಸೆಂಟಿಮೀಟರ್ ಮೇಲೆ ಮತ್ತು 5 ಸೆಂಟಿಮೀಟರ್ ಕೆಳಗೆ ಗುರುತು ಹಾಕಿ, ಬಗ್ಗಿದಾಗ ಆ 15 ಸೆಂಟಿಮೀಟರ್ ಎಷ್ಟು ಹಿಗ್ಗುತ್ತದೆ ಎಂದೂ ನೋಡುತ್ತೇನೆ. ಆರೋಗ್ಯವಂತ ಬೆನ್ನಿನಲ್ಲಿ ಅದು ಸಾಮಾನ್ಯವಾಗಿ 20ನ್ನು ದಾಟುತ್ತದೆ. ಈ ಅಮ್ಮನಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ, ನೋವಿನಿಂದ ಬಿಗಿದುಕೊಂಡಿದ್ದಾಗ, 16.5 ಇತ್ತು, ಆರು ತಿಂಗಳ ಬಳಿಕ 18. ಒಂದು ಕೀಲು ಶಾಶ್ವತವಾಗಿ ನಿಂತಿದ್ದರೂ ಅವರು ಮೊದಲಿಗಿಂತ ಚೆನ್ನಾಗಿಯೇ ಬಗ್ಗುತ್ತಿದ್ದರು. ಪಕ್ಕಕ್ಕೆ ತಿರುಗುವುದರಲ್ಲಂತೂ ನಷ್ಟವೇ ತಿಳಿಯಲಿಲ್ಲ, ಏಕೆಂದರೆ ಕೆಳಬೆನ್ನಿನ ಒಂದೊಂದು ಕೀಲು ತಿರುಗುವುದೇ ಎರಡು ಮೂರು ಡಿಗ್ರಿ. ಉಳಿದದ್ದನ್ನು ಎದೆಯ ಹಿಂಭಾಗದ ಬೆನ್ನು ಮತ್ತು ತೊಡೆಯ ಬುಡದ ಕೀಲುಗಳು ಮಾಡುತ್ತವೆ.

ನನ್ನ ಚಿಂತೆ ಬೇರೆಯದೇ ಆಗಿತ್ತು. ಮೊಣಕಾಲು ನೇರವಿಟ್ಟು, ಬೆನ್ನು ಬಾಗಿಸಿ ದಿನವೂ ಹತ್ತು ನಿಮಿಷ ರಂಗೋಲಿ ಹಾಕಿದರೆ, ಬೆಸುಗೆಯ ಪಕ್ಕದ ಕೀಲು ತನ್ನ ಪಾಲಿನದಲ್ಲದ ಬಾಗನ್ನೂ ಹೊರಬೇಕಾಗುತ್ತದೆ, ವರ್ಷಗಳ ಮೇಲೆ ಅದೂ ಸವೆಯಬಹುದು. ಆದ್ದರಿಂದ ಎಕ್ಸ್‌ರೇ ನೋಡಿ ಶಸ್ತ್ರಚಿಕಿತ್ಸಕರು ಒಪ್ಪಿಗೆ ಕೊಟ್ಟ ಮೇಲೆ ಅವರ ಬೆನ್ನಿಗೆ ಒಂದು ಕೋಲು ಹಿಡಿಸಿದೆ. ಹಿಂದಲೆ, ರೆಕ್ಕೆ ಮೂಳೆಗಳ ನಡು, ಪೃಷ್ಠದ ಮೇಲ್ಭಾಗ, ಈ ಮೂರೂ ಕಡೆ ಕೋಲು ತಾಗಿಕೊಂಡೇ ಇರುವಂತೆ ಮೊಣಕಾಲು ಸ್ವಲ್ಪ ಮಡಿಸಿ, ಪೃಷ್ಠವನ್ನು ಹಿಂದಕ್ಕೆ ದೂಡಿ, ತೊಡೆಯ ಬುಡದಿಂದಲೇ ಬಾಗಬೇಕು. ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದ್ದ ಕಾರಣ ಮೊದಲ ವಾರಗಳಲ್ಲಿ ಕೋಲು ಪದೇ ಪದೇ ಕೆಳಗಿನಿಂದ ಬಿಟ್ಟುಕೊಳ್ಳುತ್ತಿತ್ತು.

ಒಂದರ ಬದಲು ಸಾಲಾಗಿ ನಾಲ್ಕು ಕೀಲುಗಳನ್ನು ಬೆಸೆದವರ ಪಾಡು ಇಷ್ಟು ಸುಲಭವಲ್ಲ ಎಂಬುದನ್ನೂ ಹೇಳಲೇಬೇಕು. ಅಂಥ ಒಬ್ಬರಿಗೆ ಕಾಲುಗುರು ಕತ್ತರಿಸುವುದು, ಶೌಚದ ನಂತರ ತೊಳೆದುಕೊಳ್ಳುವುದು, ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂರುವುದು ಎಲ್ಲವೂ ಹೊಸದಾಗಿ ಕಲಿಯಬೇಕಾಯಿತು. ಎತ್ತರದ ಮಣೆಯ ಮೇಲೆ ಕೂರಿಸಿದಾಗ ಊಟದ ತೊಂದರೆಯಾದರೂ ನೀಗಿತು.

ಆ ಅಮ್ಮ ಈಗ ಮಡಿಸಿದ ಗೋಣಿಚೀಲದ ಮೇಲೆ ಒಂದು ಮೊಣಕಾಲೂರಿ, ಎಡಗೈಯನ್ನು ನೆಲಕ್ಕೆ ಕೊಟ್ಟು ಚುಕ್ಕಿ ಇಡುತ್ತಾರೆ. ಒಂದು ಸಾಲು ಮುಗಿದಾಗ ಎದ್ದು ನಿಂತು, ಚೀಲವನ್ನು ಕಾಲಿನಿಂದ ಮುಂದಕ್ಕೆ ಸರಿಸಿ ಮತ್ತೆ ಕೂರುತ್ತಾರೆ.