ಫಾರಂ ವಾಪಸ್ ಬಂದ ಮೇಲೆ

ಬಡ ಮಕ್ಕಳಿಗೆ ಶಾಲೆ ಮುಗಿದ ಮೇಲೆ ಓದು, ಲೆಕ್ಕ ಹೇಳಿಕೊಡುವ ಸಣ್ಣ ಸಂಸ್ಥೆ ನಮ್ಮದು. ಅಲ್ಲಿ 14 ಜನರ ತಂಡವನ್ನು ನಾನು ನೋಡಿಕೊಳ್ಳುತ್ತಿದ್ದೆ. ಒಂದೇ ವರ್ಷದಲ್ಲಿ ಐದು ಜನ ಕೆಲಸ ಬಿಟ್ಟರು. ಸಂಬಳ ಕಡಿಮೆ, ಅದಕ್ಕೇ ಹೋದರು ಎಂದು ನಾನು ಸುಮ್ಮನಾಗಿಬಿಟ್ಟೆ. ಹಾಗಂದುಕೊಂಡರೆ ನನ್ನ ತಪ್ಪೇನೂ ಇರುವುದಿಲ್ಲ, ಅಲ್ವಾ?

ಉಳಿದವರಿಗೆ ಹುರುಪು ಬರಲಿ ಎಂದು 'ತಿಂಗಳ ಉತ್ತಮ ಶಿಕ್ಷಕರು' ಬಹುಮಾನ ಶುರು ಮಾಡಿದೆ. ಯಾರ ಗುಂಪಿನಲ್ಲಿ ಜಾಸ್ತಿ ಮಕ್ಕಳು ಪಾಠ ಓದುತ್ತಾರೋ ಅವರಿಗೆ ಬಹುಮಾನ. ಮೂರೇ ತಿಂಗಳಲ್ಲಿ ಎಡವಟ್ಟಾಯಿತು. ಆಗಲೇ ಅರ್ಧಂಬರ್ಧ ಓದಲು ಬರುತ್ತಿದ್ದ ಮಕ್ಕಳು ಯಾರ ಪಾಲಿಗೆ ಬಂದಿದ್ದರೋ ಅವರೇ ಪ್ರತಿ ಸಲ ಗೆದ್ದರು. ಅಕ್ಷರವೇ ಗೊತ್ತಿಲ್ಲದ ಮಕ್ಕಳ ಜೊತೆ ಬೆವರು ಹರಿಸಿದವರಿಗೆ ಏನೂ ಸಿಗಲಿಲ್ಲ. ಒಬ್ಬರಂತೂ ಹಿಂದುಳಿದ ಮಕ್ಕಳನ್ನು ತಮ್ಮ ಪಟ್ಟಿಯಿಂದ ಮೆಲ್ಲಗೆ ಬೇರೆಯವರ ಪಟ್ಟಿಗೆ ದಾಟಿಸತೊಡಗಿದ್ದರು. ಅವರನ್ನು ಬೈಯಲು ಹೋಗಿ ನಿಲ್ಲಿಸಿದೆ. ದಾರಿ ತೋರಿಸಿದವನು ನಾನೇ ತಾನೆ?

ಕೆಲಸ ಬಿಟ್ಟಿದ್ದ ಒಬ್ಬ ಶಿಕ್ಷಕಿಯನ್ನು ಹೋಗಿ ಮಾತಾಡಿಸಿದೆ. ಸಂಬಳದ ಮಾತು ಬಂತು, ಇಲ್ಲವೆಂದಲ್ಲ. ಆದರೆ ಮೊತ್ತಕ್ಕಿಂತ ಅದು ಯಾವ ದಿನ ಬರುತ್ತದೆ ಎಂದು ಗೊತ್ತಿಲ್ಲದ್ದೇ ಅವರನ್ನು ಹೆಚ್ಚು ಕಾಡಿತ್ತು. ದಾನಿಗಳ ಕಂತು ತಡವಾದರೆ ನಾವು ಸಂಬಳವನ್ನೂ ತಡ ಮಾಡುತ್ತಿದ್ದೆವು. ಆಮೇಲೆ ಅವರು ಕೇಳಿದ ಒಂದು ಪ್ರಶ್ನೆ ನನಗೆ ಚುಚ್ಚಿತು: "ಸರ್, ಪ್ರತಿ ತಿಂಗಳು ಒಂದೊಂದು ಮಗುವಿನ ಬಗ್ಗೆಯೂ ಫಾರಂ ತುಂಬಿ ಕೊಟ್ಟೆ. ಅವೆಲ್ಲ ಎಲ್ಲಿ ಹೋದವು?"

ದಾನಿಗಳ ವರದಿಗೆ ಹೋಗಿದ್ದವು. ಬರೆದವರಿಗೆ ಒಂದೂ ವಾಪಸ್ ಬಂದಿರಲಿಲ್ಲ.

ಮೊದಲು ಸಂಬಳ ಸರಿಮಾಡಿದೆ. ಎರಡು ತಿಂಗಳ ಸಂಬಳದಷ್ಟು ಹಣವನ್ನು ಮುಟ್ಟದೆ ಇಡಬೇಕೆಂದು ಆಡಳಿತ ಮಂಡಳಿಯನ್ನು ಒಪ್ಪಿಸಿದೆ. ಇದರಿಂದ ಯಾರಿಗೂ ಹೊಸ ಹುಮ್ಮಸ್ಸು ಬರಲಿಲ್ಲ, ಗೊಣಗಾಟ ಮಾತ್ರ ನಿಂತಿತು. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದು ಇದನ್ನೇ. ಸಂಬಳದಂಥವು ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ. ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ.

ಆಮೇಲೆ ಫಾರಂಗೆ ಕೈಹಾಕಿದೆ. ನಾಲ್ಕು ಪುಟ ಇದ್ದದ್ದು ಒಂದು ಪುಟವಾಯಿತು. ಮಗು ಈಗ ಎಲ್ಲಿದೆ? ಅಕ್ಷರದಲ್ಲೋ, ಪದದಲ್ಲೋ, ವಾಕ್ಯದಲ್ಲೋ, ಕಥೆ ಓದುವ ಮಟ್ಟದಲ್ಲೋ? ಅಷ್ಟೇ. ಅದರ ಒಂದು ಪ್ರತಿ ಶಿಕ್ಷಕರ ಕೈಯಲ್ಲೇ ಉಳಿಯುವಂತೆ ಮಾಡಿದೆ. ತಿಂಗಳ ಮೀಟಿಂಗ್‌ನಲ್ಲಿ ನಾನು ಭಾಷಣ ಮಾಡುವುದನ್ನು ಬಿಟ್ಟೆ (ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ!). ಅದರ ಬದಲು ಪ್ರತಿಯೊಬ್ಬರೂ ಒಂದು ಮಗುವಿನ ಹಾಳೆಗಳನ್ನು ಸಾಲಾಗಿ ಜೋಡಿಸಿ ತೋರಿಸಬೇಕು. ಮುಂದೆ ಹೋಗದ ಮಗುವಿನದನ್ನೂ ತರಬಹುದು. ಬರಬರುತ್ತಾ ಅಂಥ ಹಾಳೆಗಳೇ ಜಾಸ್ತಿ ಬಂದವು. "ನನ್ನ ಹುಡುಗಿಯೂ ಇಲ್ಲೇ ಸಿಕ್ಕಿಕೊಂಡಿದ್ದಳು, ನಾನು ಹೀಗೆ ಮಾಡಿದೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ಬಹುಮಾನವನ್ನು ನಿಲ್ಲಿಸಿದ್ದು ಯಾರ ಗಮನಕ್ಕೂ ಬಂದಂತಿರಲಿಲ್ಲ.

ಕಚೇರಿಯಲ್ಲಿ ಕೂತವರ ಕಥೆ ಬೇರೆ. ನಮ್ಮ ಲೆಕ್ಕಿಗರು ಆರು ವರ್ಷ ಕೆಲಸ ಮಾಡಿದರೂ ಒಂದು ತರಗತಿಯನ್ನೂ ನೋಡಿರಲಿಲ್ಲ. ಮನಶ್ಶಾಸ್ತ್ರಜ್ಞ ಆಡಮ್ ಗ್ರಾಂಟ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಆಗ ನೆನಪಾಯಿತು. ವಿದ್ಯಾರ್ಥಿವೇತನಕ್ಕಾಗಿ ಫೋನ್ ಮಾಡಿ ದೇಣಿಗೆ ಕೇಳುವವರು, ಆ ಹಣದಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಸ್ವಲ್ಪ ಹೊತ್ತು ಭೇಟಿಯಾದರು. ಒಂದು ತಿಂಗಳ ನಂತರ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಸಮಯ ಎರಡು ಪಟ್ಟಿಗೂ ಜಾಸ್ತಿಯಾಗಿತ್ತು. ಆ ವಿದ್ಯಾರ್ಥಿಯ ಪತ್ರ ಮಾತ್ರ ಓದಿದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಅದಕ್ಕೇ ಲೆಕ್ಕಿಗರನ್ನು ಒಂದು ಸಂಜೆ ತರಗತಿಗೆ ಕರೆದುಕೊಂಡು ಹೋದೆ. ಮಕ್ಕಳನ್ನು ಹಾರ ಹಿಡಿಸಿ ನಿಲ್ಲಿಸಲಿಲ್ಲ, ಧನ್ಯವಾದ ಹೇಳಿಸಲಿಲ್ಲ. ಅದು ನನಗೆ ಹಿಡಿಸುವುದೇ ಇಲ್ಲ. ಅವರು ಹಿಂದೆ ಕೂತು ಒಬ್ಬ ಹುಡುಗನಿಗೆ ಕಳೆಯುವ ಲೆಕ್ಕ ಹೇಳಿಕೊಟ್ಟರು, ಅಷ್ಟೇ.

ಜನ ಈಗಲೂ ಬಿಟ್ಟು ಹೋಗುತ್ತಾರೆ. ಹೆಚ್ಚಿನ ಸಂಬಳ ಸಿಕ್ಕಿದರೆ ನಾನು ತಡೆಯುವುದೂ ಇಲ್ಲ. ಹೋಗುವ ಮುಂಚೆ ಎರಡು ದಿನ ಹೊಸಬರ ಜೊತೆ ಕೂತು ಒಂದೊಂದು ಮಗುವಿನ ಹಾಳೆಯನ್ನೂ ವಿವರಿಸಿ ಹೋಗಿ ಎನ್ನುತ್ತೇನೆ. ಲೆಕ್ಕಿಗರು ಈಗಲೂ ಬಸ್ ಖರ್ಚಿನ ಬಿಲ್ಲಿಗೆ ತಕರಾರು ತೆಗೆಯುತ್ತಾರೆ. ಆದರೆ ಅದಕ್ಕೂ ಮುಂಚೆ ಆ ಹುಡುಗನಿಗೆ ಕಳೆಯುವ ಲೆಕ್ಕ ಬಂತಾ ಎಂದು ಕೇಳುತ್ತಾರೆ.